ಭಾವನ ಕಲ್ಲುಗೋಡೆ

ಅಣ್ಣತಮ್ಮಂದಿರು ಮನೆಯ ನಡುವೆ ಗೋಡೆ ಎಬ್ಬಿಸಿ ಪಾಲು ಮಾಡಿಕೊಂಡಿದ್ದರು. ಅಣ್ಣನದು ಮರಳಿನ ವ್ಯಾಪಾರ. ಹಿತ್ತಿಲ ಹಿಂದೆ ಹರಿಯುವ ಹೊಳೆಯಿಂದಲೇ ಯಂತ್ರ ಹಚ್ಚಿ ಎತ್ತಿಸುತ್ತಿದ್ದ. ತಮ್ಮನದು ಹಿತ್ತಿಲಲ್ಲೊಂದು ಹಿಟ್ಟಿನ ಗಿರಣಿ. ಅದನ್ನು ನಡೆಸುತ್ತಿದ್ದವಳು ಅವನ ಹೆಂಡತಿ. ಎಲ್ಲರ ಬಾಯಲ್ಲೂ ಅವಳು ಗಿರಣಿಯವಳು.

ಮರಳು ಹೋದಂತೆ ಹೊಳೆಯ ತಳ ಇಳಿಯಿತು, ದಡ ಕುಸಿಯತೊಡಗಿತು. ಅಣ್ಣ, ಅಂದರೆ ಅವಳ ಭಾವ, ತನ್ನ ಪಾಲಿನ ಹಿತ್ತಿಲಿಗಷ್ಟೇ ಕಲ್ಲುಗೋಡೆ ಕಟ್ಟಿಸಿದ. ಮೇಸ್ತ್ರಿ ಗಿರಣಿಯವಳ ಎದುರಿಗೇ ಹೇಳಿದ: "ಯಜಮಾನ್ರೇ, ಇಲ್ಲಿಗೇ ನಿಲ್ಲಿಸಿದ್ರೆ ಗೋಡೆಗೆ ಬಡಿದ ನೀರು ಪಕ್ಕದ ಮಣ್ಣು ತಿನ್ನುತ್ತೆ. ಇನ್ನೊಂದಿಷ್ಟು ಮುಂದಕ್ಕೆ ಕಟ್ಟೋಣ."

"ನನ್ನ ಹಿತ್ತಿಲು ಎಲ್ಲಿ ಮುಗಿಯುತ್ತೋ ಗೋಡೆನೂ ಅಲ್ಲೇ ಮುಗೀಲಿ," ಎಂದ ಭಾವ.

ಅವಳು ಓರಗಿತ್ತಿಯ ಬಳಿ ಹೋಗಿ ಅಂಗಲಾಚಿದಳು. "ಅಕ್ಕಾ, ನೀವಾದ್ರೂ ಹೇಳಿ. ಕಲ್ಲು ನಾವೇ ಹೊರ್ತೀವಿ."

ಅಕ್ಕ ಬಟ್ಟೆ ಮಡಚುತ್ತಲೇ ನಕ್ಕಳು. "ಆ ಗಿರಣಿ ಸದ್ದಿಗೆ ನನಗೆ ತಲೆ ಚಿಟ್ಟು ಹಿಡಿದುಹೋಗಿದೆ ಕಣೇ. ಹೋದ್ರೆ ಹೋಗ್ಲಿ ಬಿಡು."

ಮರುವರ್ಷದ ಮಳೆಗೆ ಗಿರಣಿ ಹೋಯಿತು, ಆಮೇಲೆ ಅಡುಗೆಮನೆ, ಕೊನೆಗೆ ಮಲಗುವ ಕೋಣೆ. ಅಂದು ಗಂಡಹೆಂಡಿರಿಬ್ಬರೂ ಬೀದಿಯಲ್ಲಿ ನೆನೆಯುತ್ತ ಬಾಗಿಲು ತಟ್ಟಿದರು. ಭಾವ ತೆರೆಯಲಿಲ್ಲ. "ಅಣ್ಣನಿಗೆ ಕೇಳಿಸಿರಲಿಕ್ಕಿಲ್ಲ," ಎಂದ ಗಂಡ. ಅವಳ ಮೈಯೆಲ್ಲ ಉರಿದುಹೋಯಿತು.

ಒಂದೇ ಕೋಣೆಯ ಬಾಡಿಗೆ ಮನೆ ಹಿಡಿದರು. ಅಷ್ಟರಲ್ಲಿ ಹೊಳೆಯನ್ನು ಸರಿಪಡಿಸಲೆಂದು ಇಲಾಖೆಯವರು ಬಂದರು. ಮರಳೆತ್ತುವುದನ್ನು ನಿಲ್ಲಿಸಿ, ಕುಸಿದ ದಡವನ್ನು ಇಳಿಜಾರು ಮಾಡಿ ಹುಲ್ಲು, ಗಿಡ ನೆಡಿಸತೊಡಗಿದರು. ಅವಳು ಕೂಲಿಗೆ ಸೇರಿದಳು. ತನ್ನ ಒಲೆ ಇದ್ದ ಜಾಗದಲ್ಲಿ ತಾನೇ ಹುಲ್ಲಿನ ಬುಡ ಊರಿದಳು. ಭಾವ ಗೋಡೆಯ ಮೇಲೆ ಕುರ್ಚಿ ಹಾಕಿಕೊಂಡು ಕೂತು, "ಒತ್ತಿ ನೆಡಮ್ಮಾ, ನಮಗೆ ಗಾಳಿ ತಂಪಾಗಿ ಬರ್ಲಿ," ಎನ್ನುತ್ತಿದ್ದ.

ನೀರಿಳಿದಿದ್ದ ಒಂದು ಬೆಳಿಗ್ಗೆ ಗೋಡೆಯ ಬುಡದ ಬಿರುಕಿಗೆ ಕೈಯಿಟ್ಟಳು. ತೋಳು ಭುಜದವರೆಗೂ ಒಳಗೆ ಹೋಯಿತು. ಒಳಗೆಲ್ಲ ಟೊಳ್ಳು. ಭಾವ ಮರಳೆತ್ತಿದ ಗುಂಡಿಗೆ ಅವನ ಗೋಡೆಯಡಿಯ ಮಣ್ಣೇ ಜಾರಿಹೋಗಿತ್ತು. ಅವಳು ಗಂಡನಿಗೂ ಹೇಳಲಿಲ್ಲ, ಇಲಾಖೆಯ ಮೇಲ್ವಿಚಾರಕನಿಗೂ ಹೇಳಲಿಲ್ಲ. ಆ ಪೊಟರೆ ಯಾರ ಕಣ್ಣಿಗೂ ಬೀಳದಂತೆ ಅದರ ಮುಂದೆ ಒತ್ತೊತ್ತಾಗಿ ಹುಲ್ಲು ನೆಟ್ಟಳು.

ಮುಂದಿನ ನೆರೆಗೆ ಗೋಡೆ, ಮೇಲೆ ನಿಂತು ನೀರು ನೋಡುತ್ತಿದ್ದ ಭಾವನ ಸಮೇತ ಕುಸಿಯಿತು. ಸೊಂಟದ ಮೇಲೆ ಕಲ್ಲುರುಳಿ ಅವನ ಎರಡು ಕಾಲೂ ಸ್ವಾಧೀನ ತಪ್ಪಿದವು. ಮನೆಯೂ ಉಳಿಯಲಿಲ್ಲ. ಗಂಡ ಅಣ್ಣನನ್ನು ಬೆನ್ನ ಮೇಲೆ ಹೊತ್ತು ತಂದು ಬಾಡಿಗೆ ಕೋಣೆಯಲ್ಲಿ ಮಲಗಿಸಿದ. "ಒಡಹುಟ್ಟಿದವನನ್ನ ಬೀದೀಲಿ ಬಿಡೋಕಾಗುತ್ತೇನೇ?"

"ನಿಮ್ಮಣ್ಣನಿಗೆ ಆಗಿತ್ತಲ್ಲ," ಎಂದಳು ಅವಳು, ಹಾಸಿಗೆ ಬಿಡಿಸುತ್ತ.

ಅದೇ ಕೋಣೆ ಸೇರಿದ ಅಕ್ಕನೂ ಹೊಟ್ಟೆಪಾಡಿಗೆ ಕೂಲಿಗೆ ಬಂದಳು. ಗೋಡೆಯ ಅಡ್ಡಿ ಹೋಗಿ ಇಳಿಜಾರು ಉದ್ದಕ್ಕೂ ಹಬ್ಬಿತು, ಹುಲ್ಲಿನ ಬುಡದಲ್ಲಿ ಹೂಳು ನಿಂತಿತು. ಮೇಲ್ವಿಚಾರಕನ ಹಿಗ್ಗು ಹೇಳತೀರದು. ಅಕ್ಕ ಅಂಗೈಯ ಬೊಬ್ಬೆಗೆ ಗಾಳಿ ಊದುತ್ತ ಕೇಳಿದಳು: "ದಿನಾ ಗೋಡೆ ಬುಡದಲ್ಲೇ ಇರ್ತಿದ್ದೆಯಲ್ಲೇ. ನಿನಗೇನೂ ಕಾಣಿಸ್ಲಿಲ್ವಾ?"

"ಕಾಣಿಸ್ತು ಅಕ್ಕಾ. ಕೈ ಹಾಕಿನೂ ನೋಡಿದ್ದೆ."

ಬಿಟ್ಟುಹೋಗೋಣವೆಂದರೆ ಅಕ್ಕನಿಗೆ ಬೇರೆ ನೆಲೆ ಇರಲಿಲ್ಲ. ಅಂದಿನಿಂದ ಗಿರಣಿಯವಳು ಬಡಿಸಿದ್ದನ್ನು ಅವಳು ಮೂಸಿ ನೋಡದೆ ಉಣ್ಣುತ್ತಿರಲಿಲ್ಲ.