ಓನರ್ ಆಂಟಿ ಕೇಳಿದ ಫೋಟೋ

ಫೋಟೋ ಯಾಕಂತೆ, ಫೋಟೋ? ಸತ್ತವನ ಫೋಟೋ ಕಟ್ಟಿಕೊಂಡು ಮನೆ ಓನರಿಗೆ ಆಗಬೇಕಾದ್ದೇನು? ಆನೋವಾರಾಳಿಗೆ ಬೆಳಗ್ಗಿನಿಂದ ಇದೇ ಕೊರೆತ.

ಗಂಡ ಸೈದುರ್ ಕೆಲಸ ಮಾಡುತ್ತಿದ್ದ ಬಿಲ್ಡಿಂಗಿನ ನಾಲ್ಕನೇ ಮಹಡಿಯಿಂದ ಬಿದ್ದು ಸತ್ತು ಎಂಟು ದಿನವಾಗಿತ್ತು. ಅಸ್ಸಾಮಿನ ಬರ್ಪೇಟಾದಿಂದ ಬಂದು ಸುಂಕದಕಟ್ಟೆಯ ಈ ಒಂದು ರೂಮಿನ ಮನೆ ಸೇರಿ ಆರು ವರ್ಷ. ಈಗ ಅವಳು ಇದ್ದತ್‌ನಲ್ಲಿದ್ದಳು. ಗಂಡ ಸತ್ತ ಹೆಂಗಸು ನಾಲ್ಕು ತಿಂಗಳು ಹತ್ತು ದಿನ ಅವನಿದ್ದ ಮನೆಯಲ್ಲೇ ಇರಬೇಕು, ಹೊಸಿಲು ದಾಟಬಾರದು. ಅಷ್ಟು ದಿನ ಈ ಮನೆಯೊಂದು ಉಳಿದರೆ ಸಾಕಿತ್ತು. ಅದಕ್ಕೇ ಕಲ್ಲು ಹಾಕಲು ಹೊರಟಂತಿದ್ದಳು ಓನರ್ ನರಸಮ್ಮ.

"ನಿಮ್ಮನೆಯವ್ರದ್ದು ಒಂದು ಫೋಟೋ ಕೊಡಮ್ಮ," ಎಂದಿದ್ದಳು ಬಾಗಿಲಲ್ಲಿ ನಿಂತು. "ಬಾಡಿಗೆಗೆ ಬರುವಾಗ ಕೊಟ್ಟಿದ್ರಲ್ಲ, ಆ ಆಧಾರ್ ಜೆರಾಕ್ಸಲ್ಲಿ ಮುಖ ಬರೀ ಕಪ್ಪು. ಅದಾಗಲ್ಲ."

"ಯಾಕೆ ಆಂಟಿ?"

"ಬೇಕಿತ್ತು ಕಣೇ. ನಮ್ ಮಹದೇವ ಕೇಳ್ತಾವ್ನೆ."

ಹೀಗೆ ಅರ್ಧ ಹೇಳಿ ಅರ್ಧ ನುಂಗಿದರೆ ಯಾರಿಗೆ ತಾನೇ ಅನುಮಾನ ಬರುವುದಿಲ್ಲ? ಮೊನ್ನೆ ಹಿಂದಿನ ಬೀದಿಯಲ್ಲಿ ಎರಡು ಸಂಸಾರಗಳನ್ನು ಬಾಂಗ್ಲಾದವರೆಂದು ನಿಂತ ಕಾಲಲ್ಲೇ ಖಾಲಿ ಮಾಡಿಸಿದ್ದರಂತೆ. ಮೊದಲು ಕೇಳಿದ್ದು ಫೋಟೋನೇ ಅಂತೆ. ಆಮೇಲೆ ಫೋನ್ ಕಿತ್ತುಕೊಂಡು ಒಳಗೆ ಯಾರ್ಯಾರ ಮುಖವಿದೆ ಎಂದು ಹುಡುಕಿದರಂತೆ.

ಕಿಟಕಿಯಿಂದ ನೋಡಿದರೆ ನರಸಮ್ಮನ ಮಗ ಮಹದೇವ ಮನೆಮನೆಗೂ ಹೋಗಿ ಏನೋ ಬರೆದುಕೊಳ್ಳುತ್ತಿದ್ದ. ಒಬ್ಬೊಬ್ಬರನ್ನೂ ಗೋಡೆಗೆ ನಿಲ್ಲಿಸಿ ಫೋನಿನಲ್ಲಿ ಫೋಟೋ ಹಿಡಿಯುತ್ತಿದ್ದ. ಮೂಲೆಮನೆಯ ಮುದುಕ ಮುನಿರಾಮಯ್ಯ ಅವನ ಭುಜ ತಟ್ಟಿ ಇತ್ತ ಕೈ ತೋರಿಸಿದ. ಯಾ ಅಲ್ಲಾ, ನಮ್ಮನ್ನು ಓಡಿಸಲು ಇಡೀ ಬೀದಿಯೇ ಸಾಕ್ಷಿಗೆ ನಿಂತಿತಲ್ಲ ಎಂದು ಆನೋವಾರಾ ಕಿಟಕಿ ಮುಚ್ಚಿದಳು.

ಸಂಜೆ ನರಸಮ್ಮ ಮತ್ತೆ ಬಂದಳು.

"ಒಂದೂ ಇಲ್ಲ ಆಂಟಿ. ನಮ್ಮಲ್ಲಿ ಫೋಟೋ ಇಟ್ಕೊಳ್ಳಲ್ಲ," ಎಂದಳು ಆನೋವಾರಾ.

ನರಸಮ್ಮ ಅವಳ ಮುಖವನ್ನೇ ಒಂದು ಗಳಿಗೆ ನೋಡಿ "ಹೂಂ" ಎಂದು ಹೋದಳು. ಆ ಹೂಂ ಆನೋವಾರಾಳಿಗೆ ಸರಿಬರಲಿಲ್ಲ. ಫೋನಿನಲ್ಲಿರುವ ಅಬ್ಬನ ಫೋಟೋಗಳನ್ನೆಲ್ಲ ಈಗಲೇ ಅಳಿಸು ಎಂದು ಮಗಳು ಮೌಸುಮಿಗೆ ಹೇಳಿದಳು. ಐದನೇ ಕ್ಲಾಸಿನ ಹುಡುಗಿ ಆಗಲ್ಲ ಎಂದು ಅತ್ತಳು. ಆನೋವಾರಾ ಫೋನ್ ಕಿತ್ತುಕೊಂಡು ತಾನೇ ಕೂತಳು. ಈದ್‌ನ ಹೊಸ ಅಂಗಿಯ ಸೈದುರ್, ಕೋನ್ ಐಸ್‌ಕ್ರೀಮ್ ಮೀಸೆಗೆ ಮೆತ್ತಿಕೊಂಡು ನಗುತ್ತಿದ್ದ ಸೈದುರ್, ಒಂದೊಂದಾಗಿ ಹೋದರು. ಅವನ ಫೋನಂತೂ ಅವನ ಜೊತೆಯೇ ಬಿದ್ದು ಚೂರಾಗಿತ್ತು, ಜೇಬಿನಲ್ಲಿದ್ದ ಆಧಾರ್ ಕಾರ್ಡೂ ಉಳಿದಿರಲಿಲ್ಲ.

ಹನ್ನೊಂದನೇ ದಿನ ಬೆಳಗ್ಗೆ ಎದುರಿನ ಲೈಟುಕಂಬಕ್ಕೆ ಮಹದೇವ ದೊಡ್ಡ ಫ್ಲೆಕ್ಸ್ ಕಟ್ಟಿದ. ಆನೋವಾರಾಳಿಗೆ ಕನ್ನಡ ಓದಲು ಬಾರದು. ನಮ್ಮನ್ನು ಹೋಗಿ ಅಂತ ಬರೆದಿದ್ದಾರಾ ಎಂದು ಮಗಳನ್ನು ಕೇಳಿದಳು.

ಮೌಸುಮಿ ಕಿಟಕಿಯ ಸರಳು ಹಿಡಿದು ಗಟ್ಟಿಯಾಗಿ ಓದಿದಳು. "ಭಾವಪೂರ್ಣ ಶ್ರದ್ಧಾಂಜಲಿ. ನಮ್ಮ ಬೀದಿಯ ಸೈದುರಣ್ಣ, ಮತ್ತೆ ಹುಟ್ಟಿ ಬನ್ನಿ."

ಕೆಳಗೆ ಸಾಲಾಗಿ ಬೀದಿಯವರ ಮುಖಗಳು. ಮಹದೇವ, ಮುನಿರಾಮಯ್ಯ, ತಲೆಗೆ ಹೂ ಮುಡಿದ ನರಸಮ್ಮ. ನಡುವೆ, ಸೈದುರ್ ಇರಬೇಕಾದ ಜಾಗದಲ್ಲಿ, ಒಂದು ದೀಪದ ಚಿತ್ರ.

ಅಷ್ಟರಲ್ಲಿ ನರಸಮ್ಮನೇ ಬಾಗಿಲಿಗೆ ಬಂದಳು. "ನಿಮ್ಮಲ್ಲಿ ಇಟ್ಕೊಳ್ಳಲ್ಲ ಅಂದ್ಯಲ್ಲ, ಅದಕ್ಕೇ ದೀಪ ಹಾಕ್ಸಿದ್ವಿ. ಸತ್ತವ್ರ ಫೋಟೋ ಕೇಳಿದ್ರೆ ಫ್ಲೆಕ್ಸಿಗೇ ಅಂತ ನಮ್ಮಲ್ಲಿ ಎಲ್ರಿಗೂ ಗೊತ್ತು. ನಿಂಗೆ ಬಿಡಿಸಿ ಹೇಳ್ಬೇಕು ಅಂತ ಹೊಳೀಲೇ ಇಲ್ಲ ನೋಡು."

ಆನೋವಾರಾ ಬಾಗಿಲ ಚೌಕಟ್ಟು ಹಿಡಿದುಕೊಂಡಳು. "ಇತ್ತು ಆಂಟಿ. ತುಂಬಾ ಇತ್ತು. ಹೆದರ್ಕೊಂಡು ನಾನೇ ಅಳಿಸ್ಬಿಟ್ಟೆ." ಹನ್ನೊಂದು ದಿನದಿಂದ ಕಟ್ಟಿಕೊಂಡಿದ್ದ ಅಳು ಒಮ್ಮೆಲೇ ಒಡೆಯಿತು. ನರಸಮ್ಮನ ಎರಡೂ ಕೈ ಹಿಡಿದು ಕೇಳಿದಳು: "ಈ ಬೀದೀಲಿ ಯಾರ್ ಫೋನಲ್ಲಾದ್ರೂ ಒಂದು ಇರ್ಬೇಕಲ್ವಾ? ಆರು ವರ್ಷ ಇಲ್ಲೇ ಇದ್ರಲ್ಲ ಆಂಟಿ!"

ನರಸಮ್ಮ ತಲೆ ತಗ್ಗಿಸಿದಳು.

"ಇದ್ದಿದ್ರೆ ನಿನ್ ಬಾಗ್ಲಿಗೆ ಯಾಕಮ್ಮ ಬರ್ತಿದ್ದೆ?" ಎಂದಳು.