ಕರೆಂಟ್ ಬಂತು, ಸ್ವಿಚ್ ಮುಟ್ಬೇಡಿ!

ಆ ಓಣಿಗೆ ಚಳಿಗಾಲ ಬಂದದ್ದು ಗೊತ್ತಾಗಲು ಕ್ಯಾಲೆಂಡರ್ ನೋಡಬೇಕಾಗಿರಲಿಲ್ಲ. ಸಂಜೆ ದೀಪ ಹಚ್ಚುವ ಹೊತ್ತಿಗೆ ಸರಿಯಾಗಿ ಕರೆಂಟ್ ಹೋಗುತ್ತಿತ್ತು. ಅದರ ಬೆನ್ನಿಗೇ ಬೇಕರಿ ಮಾವನ ಬಾಯಿ ಶುರುವಾಗುತ್ತಿತ್ತು.

“ಹೋಯ್ತಾ? ಹೋಯ್ತು! ಬೇಸಿಗೇಲಿ ಇಲಾಖೆಯವರು ಟಿ.ವಿ.ಲಿ ಕೂತು ಏನಂದ್ರು? ಈ ಚಳಿಗಾಲ ಒಂದು ನಿಮಿಷಾನೂ ಕರೆಂಟ್ ತೆಗೆಯಲ್ಲ ಅಂದ್ರು. ಅವರ ನಾಲಿಗೆಗೆ ಒಂದು ಫ್ಯೂಸ್ ಹಾಕೋರು ಯಾರೂ ಇಲ್ವಾ?”

ಹಿಟ್ಟಿನ ಕೈಯನ್ನು ಏಪ್ರನ್ನಿಗೆ ಒರೆಸಿಕೊಳ್ಳುತ್ತ ಮಾವ ಹೀಗೆ ಆಕಾಶಕ್ಕೆ ಬೈಯುತ್ತಿದ್ದರೆ, ಎದುರು ಮನೆಯ ಹೊಲಿಗೆ ಅಂಗಡಿಯಿಂದ ಟೈಲರಕ್ಕ ಒಗ್ಗರಣೆ ಹಾಕುತ್ತಿದ್ದಳು. ಗಂಡ ಲಾರಿ ಓಡಿಸುವವನು, ವಾರಕ್ಕೊಮ್ಮೆ ಮನೆ ಕಂಡರೆ ಹೆಚ್ಚು. ಮುಂದಿನ ಕೋಣೆಯಲ್ಲಿ ಅವಳ ಹೊಲಿಗೆ ಯಂತ್ರ, ಹಿಂದಿನ ಕೋಣೆಯಲ್ಲಿ ಅವಳ ಅಮ್ಮ.

ಬೈಯಲು ಅವಳಿಗೆ ಮಾವನಿಗಿಂತ ದೊಡ್ಡ ಕಾರಣವಿತ್ತು. ಅಮ್ಮ ಆಯುಷ್ಯವೆಲ್ಲ ಹತ್ತಿ ಗಿರಣಿಯಲ್ಲಿ ದುಡಿದವಳು. ಗಿರಣಿಯ ಧೂಳು ಎದೆಯಲ್ಲಿ ಮನೆ ಮಾಡಿಕೊಂಡಿತ್ತು. ಈಗ ಮಂಚದ ಪಕ್ಕದಲ್ಲಿ ಸೂಟ್‌ಕೇಸಿನಷ್ಟು ದೊಡ್ಡ ಆಕ್ಸಿಜನ್ ಮಷೀನು ಹಗಲೂ ರಾತ್ರಿ ಗುಂಯ್ ಎನ್ನುತ್ತಿದ್ದರೆ ಅಮ್ಮನಿಗೆ ಉಸಿರು. ಕರೆಂಟ್ ಹೋದರೆ ಮೂಲೆಯಲ್ಲಿ ನಿಲ್ಲಿಸಿದ ಸಿಲಿಂಡರಿಗೆ ನಳಿಗೆ ಬದಲಾಯಿಸಬೇಕು. ಸಿಲಿಂಡರಿನಲ್ಲಿ ಇರುವಷ್ಟು ಹೊತ್ತು ಮಾತ್ರ ನೆಮ್ಮದಿ.

ಓಣಿಯಲ್ಲಿ ಬೈಗುಳ ತಿನ್ನುವ ಕೆಲಸ ಫೋನಕ್ಕನದು. ಟೈಲರಕ್ಕನ ಮನೆಯ ಮಹಡಿ ಮೇಲೆ ಬಾಡಿಗೆಗಿದ್ದ ಅವಳು ವಿದ್ಯುತ್ ಕಚೇರಿಯ ದೂರು ವಿಭಾಗದಲ್ಲಿ ಫೋನ್ ಎತ್ತುವವಳು. ಊರವರೆಲ್ಲ ದಿನವಿಡೀ ಅವಳ ಕಿವಿಗೆ ಬೈದು, ಸಂಜೆ ಮನೆಗೆ ಬಂದರೆ ಓಣಿಯವರು ಎದುರಿಗೇ ಬೈಯುತ್ತಿದ್ದರು. “ನನ್ನ ಕೈಲಿ ಸ್ವಿಚ್ ಇದ್ದಿದ್ರೆ ನನ್ನ ಮನೇಗಾದ್ರೂ ಹಾಕ್ಕೊಳ್ತಿರಲಿಲ್ವಾ?” ಎಂದು ನಕ್ಕು ಮೆಟ್ಟಿಲು ಹತ್ತುತ್ತಿದ್ದಳು.

ಆ ಬುಧವಾರ ಸಂಜೆಯೂ ಕರೆಂಟ್ ಹೋಯಿತು. ಟೈಲರಕ್ಕ ಬ್ಯಾಟರಿ ಹಿಡಿದು ಅಮ್ಮನ ನಳಿಗೆಯನ್ನು ಸಿಲಿಂಡರಿಗೆ ಬದಲಾಯಿಸಿದಳು. ಸಿಲಿಂಡರಿನ ಮೀಟರಿನ ಮುಳ್ಳು ಅರ್ಧಕ್ಕಿಂತ ಕೆಳಗಿತ್ತು. ತುಂಬಿಸಿ ಕೊಡುವ ಅಂಗಡಿಯವನು ನಾಳೆ ನಾಳೆ ಎನ್ನುತ್ತಿದ್ದ. ತುಂಬಿಸುವ ಕಾರ್ಖಾನೆಗೂ ಕರೆಂಟ್ ಬೇಕಲ್ಲ!

ಎರಡು ಗಂಟೆ ಕಳೆಯಿತು. ಬಲ್ಬು ಮಿನುಗಿತು. “ಬಂತೂ!” ಎಂದು ಇಡೀ ಓಣಿ ಕೂಗಿತು.

ಟೈಲರಕ್ಕ ಮೊದಲು ಅಮ್ಮನ ನಳಿಗೆಯನ್ನು ಮಷೀನಿಗೆ ಹಾಕಿದಳು. ಆಮೇಲೆ ಅವಳ ಕೈ ನಿಲ್ಲಲಿಲ್ಲ. ಅಮ್ಮನ ಕಾಲು ತಣ್ಣಗಾಗಿದೆ ಎಂದು ಹೀಟರ್ ಹಾಕಿದಳು. ಬಿಸಿನೀರಿಗೆ ಗೀಸರ್ ಹಾಕಿದಳು. ನಾಳೆ ಕೊಡಬೇಕಾದ ಕೋಟುಗಳಿಗೆಂದು ದೊಡ್ಡ ಇಸ್ತ್ರಿ ಪೆಟ್ಟಿಗೆಯನ್ನೂ ಹಾಕಿದಳು.

“ಎರಡು ಗಂಟೆ ಕದ್ದಿದ್ದಾರೆ, ವಸೂಲಿ ಮಾಡ್ಬೇಡ್ವಾ?” ಎಂದು ಕಿಟಕಿಯಿಂದ ಕೂಗಿದಳು.

“ಮಾಡು, ಮಾಡು! ನಾನೂ ಎರಡು ಓವನ್ ಹಾಕಿದೀನಿ!” ಎಂದರು ಬೇಕರಿ ಮಾವ.

ಎಲ್ಲ ಮನೆಯಲ್ಲೂ ಇದೇ ವಸೂಲಿ. ಪಂಪು, ಹೀಟರು, ಬಟ್ಟೆ ಒಗೆಯುವ ಮಷೀನು, ಒಂದನ್ನೂ ಬಿಡಲಿಲ್ಲ. ಓಣಿಯ ತಿರುವಿನಲ್ಲಿದ್ದ ಟ್ರಾನ್ಸ್‌ಫಾರ್ಮರ್ ಸ್ವಲ್ಪ ಹೊತ್ತು ಗೊರಗುಟ್ಟಿತು. ಆಮೇಲೆ ಢಂ ಎಂದಿತು.

ಮತ್ತೆ ಕತ್ತಲು. ಅಮ್ಮನ ಮಷೀನು ಉದ್ದಕ್ಕೆ ಒಮ್ಮೆ ಕೂಗಿ ಸುಮ್ಮನಾಯಿತು.

ಟೈಲರಕ್ಕ ನಳಿಗೆಯನ್ನು ಮತ್ತೆ ಸಿಲಿಂಡರಿಗೆ ಸಿಕ್ಕಿಸಿದಳು. ಮುಳ್ಳು ಕೆಂಪು ಗೆರೆಯ ಹತ್ತಿರ ಬಂದಿತ್ತು. ಫೋನಕ್ಕ ಮೆಟ್ಟಿಲಿಳಿದು ಓಡಿಬಂದಳು.

“ಅಕ್ಕಾ, ನಿಮ್ಮ ಆಫೀಸಿಗೆ ಹೇಳಿ! ಈಗಲೇ ಬರೋಕೆ ಹೇಳಿ!”

“ಹೇಳಿಯೇ ಇಳಿದು ಬಂದೆ ಕಣೇ. ಈ ಸಂಜೆ ಇಂಥ ಢಂ ಅಂದ ಓಣಿಗಳು ಬೇಕಾದಷ್ಟಿವೆ, ಲೈನ್‌ಮನ್‌ಗಳು ಬೆರಳೆಣಿಕೆಯಷ್ಟು. ಯಾವಾಗ ಬರ್ತಾರೋ ಹೇಳೋಕಾಗಲ್ಲ. ನಿನ್ನ ಹತ್ರ ಸುಳ್ಳು ಹೇಳಲ್ಲ.”

ಅಷ್ಟರಲ್ಲಿ ಬೇಕರಿ ಮಾವ ಉಪಕಾರ ಮಾಡಲೆಂದು ಉರಿಯುವ ಮೇಣದಬತ್ತಿ ಹಿಡಿದು ಒಳಗೆ ಬಂದರು. ಫೋನಕ್ಕ ಬಾಗಿಲಲ್ಲೇ ಅಡ್ಡಗಟ್ಟಿ ಉಫ್ ಎಂದು ಊದಿ ಆರಿಸಿದಳು.

“ಆಕ್ಸಿಜನ್ ಹತ್ರ ಬೆಂಕಿ ತರ್ತೀರಾ ಮಾವ? ಒಂದು ಕಿಡಿ ಸಾಕು, ಮನೇನೇ ಹೊತ್ತಿಕೊಳ್ಳುತ್ತೆ!”

ಮಾವ ಬಾಯಿ ತೆರೆದರು. ಮಂಚದ ಮೇಲಿನ ಮುದುಕಿಯನ್ನೂ ಸಿಲಿಂಡರಿನ ಮುಳ್ಳನ್ನೂ ಬ್ಯಾಟರಿ ಬೆಳಕಿನಲ್ಲಿ ನೋಡಿದರು. ತೆರೆದ ಬಾಯಿ ಮುಚ್ಚಿ ಹೊರಗೆ ಹೋದರು. ಆ ಮನುಷ್ಯ ಬೈಯದೆ ಹೋದದ್ದನ್ನು ಓಣಿ ಅದೇ ಮೊದಲು ಕಂಡದ್ದು.

ಸ್ವಲ್ಪ ಹೊತ್ತಿಗೆ ಏನೋ ಭಾರವಾದದ್ದನ್ನು ಎಳೆಯುವ ಸದ್ದು ಕೇಳಿತು. ಹಿಟ್ಟು ಕಲಸುವ ಯಂತ್ರಕ್ಕೆಂದು ಅವರು ಇಟ್ಟುಕೊಂಡಿದ್ದ ಜನರೇಟರ್! ಅದನ್ನು ಮನೆಯ ಮುಂದಿನ ಕೋಣೆಗೇ ನುಗ್ಗಿಸಲು ನೋಡಿದರು.

“ಒಳಗೆ ಬೇಡ ಮಾವ!” ಎಂದಳು ಫೋನಕ್ಕ. “ಹೊರಗೆ, ಬಾಗಿಲು ಕಿಟಕಿಯಿಂದ ದೂರ ಇಡಿ. ಇದರ ಹೊಗೇಲಿರೋ ವಿಷಕ್ಕೆ ಬಣ್ಣಾನೂ ಇಲ್ಲ, ವಾಸನೇನೂ ಇಲ್ಲ. ಮುಚ್ಚಿದ ಮನೇಲಿ ಮಲಗಿದವರು ಮತ್ತೆ ಏಳಲ್ಲ. ಇದ್ದಿಲ ಒಲೇದೂ ಇದೇ ಕಥೆ.”

ಜನರೇಟರ್ ಓಣಿಯ ಮಧ್ಯಕ್ಕೆ ಹೋಯಿತು. ಉದ್ದನೆಯ ವೈರು ಬಾಗಿಲಡಿಯಿಂದ ತೂರಿ ಒಳಗೆ ಬಂತು. ಅಮ್ಮನ ಮಷೀನು ಗುಂಯ್ ಎಂದಾಗ ಟೈಲರಕ್ಕ ಮಂಚದ ಕಾಲಿಗೆ ಒರಗಿ ಕುಳಿತು ಅತ್ತುಬಿಟ್ಟಳು. ಮಾವನ ತೊಟ್ಟಿಯಲ್ಲಿ ಅರ್ಧ ಕಲಸಿದ ಹಿಟ್ಟು ಹಾಗೇ ಕೆಟ್ಟುಹೋಯಿತು. ಮಾರನೆಯ ಬೆಳಿಗ್ಗೆ ಓಣಿಗೆ ಬನ್ನು ಇರಲಿಲ್ಲ. ಏಕೆಂದು ಯಾರೂ ಕೇಳಲೂ ಇಲ್ಲ.

ಬೆಳಕು ಹರಿದ ಮೇಲೆ ಲೈನ್‌ಮನ್ ಬಂದು ಟ್ರಾನ್ಸ್‌ಫಾರ್ಮರ್ ಸರಿಮಾಡಿ ಹೋದ. ಮಧ್ಯಾಹ್ನ ಎಲ್ಲರೂ ಬೇಕರಿಯಲ್ಲಿ, ಓವನ್ನಿನ ಬಿಸಿಗೆ ಬೆನ್ನು ಕೊಟ್ಟು ಸೇರಿದರು. ಆ ದಿನ ರಜೆ ಹಾಕಿದ್ದ ಫೋನಕ್ಕನೇ ಮಾತು ತೆಗೆದಳು.

“ನಿನ್ನೆ ಕರೆಂಟ್ ತೆಗೆದಿದ್ದು ಎರಡು ಗಂಟೆ. ನಾವು ಕತ್ತಲಲ್ಲಿ ಕೂತಿದ್ದು ಬೆಳಗಿನ ತನಕ. ಆ ಉಳಿದ ಕತ್ತಲು ಎಲ್ಲಿಂದ ಬಂತು? ಬಂದ ಕೂಡಲೇ ಎಲ್ಲರೂ ಎಲ್ಲಾನೂ ಹಾಕಿದ್ವಿ. ಒಂದೇ ಬಾಗಿಲಲ್ಲಿ ಇಡೀ ಓಣಿ ಒಟ್ಟಿಗೆ ನುಗ್ಗಿದ್ರೆ ಬಾಗಿಲು ಉಳಿಯುತ್ತಾ?”

ಬೇಕರಿ ಮಾವನಿಗೆ ಸರ್ರನೆ ಸಿಟ್ಟು ಬಂತು. “ಓಹೋ! ಎಮ್ಮೆಗೆ ಜ್ವರ ಬಂದ್ರೆ ಎತ್ತಿಗೆ ಬರೆ ಹಾಕಿದ್ರಂತೆ! ತಪ್ಪು ಮಾಡಿದ್ದು ಇಲಾಖೆ, ಚಳೀಲಿ ನಡುಗಬೇಕಾದವರು ನಾವಾ? ನಾವು ಹಿಡಿದು ಹಿಡಿದು ಬಳಸಿದ್ರೆ, ನೋಡಿ ಜನ ಎಷ್ಟು ಚೆನ್ನಾಗಿ ಹೊಂದಿಕೊಂಡಿದ್ದಾರೆ ಅಂತ ಅವರು ಹಾಯಾಗಿ ಮಲಗ್ತಾರೆ!”

“ಮಾವ ಹೇಳೋದು ಸರಿ,” ಎಂದಿತು ಅರ್ಧ ಬೇಕರಿ.

“ಸರಿಯೇ,” ಎಂದಳು ಫೋನಕ್ಕ. “ಕರೆಂಟ್ ಹೋಗೋದು ಅವರ ತಪ್ಪು. ನಾನು ಅಲ್ಲೇ ಕೂತಿರೋಳು, ಮುಚ್ಚಿಟ್ಟು ನನಗೇನಾಗ್ಬೇಕು? ದೊಡ್ಡ ಯಂತ್ರದ ರಿಪೇರಿ ಬೇಸಿಗೇಲಿ ಆಗಬೇಕಿತ್ತು, ಮುಂದೂಡಿದ್ರು. ಇಂಧನ ತುಂಬಿಸಿ ಇಡಬೇಕಿತ್ತು, ಬೆಲೆ ಇಳೀಲಿ ಅಂತ ಕಾದ್ರು. ಹೊಸ ಲೈನಿಗೆ ಕಂಬ ನೆಟ್ಟಿದ್ದಾರೆ, ತಂತಿ ಇನ್ನೂ ಬಂದಿಲ್ಲ. ಬಾಯಾರಿದಾಗ ಬಾವಿ ತೋಡೋಕೆ ಹೊರಟಿದ್ದಾರೆ. ಆದ್ರೆ ಬಂದ ಕರೆಂಟನ್ನ ಕಳಕೊಳ್ಳೋದು ಮಾತ್ರ ನಮ್ಮ ತಪ್ಪು.”

“ಹಾಗಾದ್ರೆ ಅವರನ್ನ ಕೇಳೋರು ಯಾರು? ಫೋನ್ ಮಾಡಿದ್ರೆ ನೀನು ಎತ್ತುತ್ತೀಯ. ನಿನಗೆ ಬೈದ್ರೆ ಏನು ಬಂತು?”

“ಬೈಯೋದು ಬಿಡಿ ಅನ್ನಲ್ಲ ಮಾವ. ಕೇಳಿಸೋ ಕಡೆ ಬೈಯ್ರಿ! ಮುಂದಿನ ವಾರ ಸಾರ್ವಜನಿಕ ಅಹವಾಲು ಸಭೆ ಇದೆ. ದೊಡ್ಡ ಅಧಿಕಾರಿಗಳೇ ಬಂದು ಕೂರ್ತಾರೆ. ಅಲ್ಲಿ ಆಡಿದ ಮಾತು ದಾಖಲೆಗೆ ಹೋಗುತ್ತೆ, ಉತ್ತರ ಕೊಡಲೇಬೇಕು. ಹೋದ ಸಲ ಎಷ್ಟು ಜನ ಬಂದಿದ್ರು ಗೊತ್ತಾ? ಕುರ್ಚಿ ಜೋಡಿಸೋನು, ಟೀ ಕೊಡೋನು, ಅಷ್ಟೇ.”

ಅಲ್ಲಿಯವರೆಗೆ ಸುಮ್ಮನಿದ್ದ ಟೈಲರಕ್ಕ ಎದ್ದಳು.

“ನಿನ್ನೆ ನಮ್ಮಮ್ಮನ ಉಸಿರು ನಿಲ್ಲಿಸೋಕೆ ಹೊರಟವರಲ್ಲಿ ನಾನೂ ಒಬ್ಬಳು. ಇಸ್ತ್ರಿ ಪೆಟ್ಟಿಗೆ ಹಾಕಿದ್ದು ಈ ಕೈಯೇ. ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರಲ್ಲ ಅಂತಾರೆ. ನನ್ನ ಮೂಗು ಮಾವನ ಜನರೇಟರಿಂದ ಉಳೀತು. ಇನ್ನು ಮುಂದೆ ಕರೆಂಟ್ ಹೋದಾಗ ನಮ್ಮನೆ ದೊಡ್ಡ ಸ್ವಿಚ್ಚೆಲ್ಲ ಬಂದ್. ಬಂದ ಮೇಲೆ ಒಂದು ಬಲ್ಬು, ಅಮ್ಮನ ಮಷೀನು, ಅಷ್ಟೇ. ಮಿಕ್ಕಿದ್ದು ನಿಮ್ಮದೆಲ್ಲ ಆದ ಮೇಲೆ. ಸಭೆಗೂ ನಾನು ಹೋಗ್ತೀನಿ. ಬರೋರು ಬನ್ನಿ, ಬರದೇ ಇದ್ರೆ ಒಬ್ಬಳೇ ಹೋಗ್ತೀನಿ.”

ಬರದೇ ಇರುವುದು ಹೇಗೆ? ಅಲ್ಲೇ ಒಪ್ಪಂದವಾಯಿತು. ಕರೆಂಟ್ ಹೋದ ಕೂಡಲೇ ದೊಡ್ಡ ಸ್ವಿಚ್ಚೆಲ್ಲ ಆರಿಸಬೇಕು, ಮಾವನ ಜನರೇಟರ್ ಅಮ್ಮನ ಮಷೀನಿಗೆ. ಕರೆಂಟ್ ಬಂದ ಮೇಲೆ ಕಾಲು ಗಂಟೆ ಯಾರೂ ದೊಡ್ಡ ಸ್ವಿಚ್ ಮುಟ್ಟಕೂಡದು. ಆಮೇಲೆ ಓಣಿಯ ಎಡಗಡೆಯವರು, ಅವರ ನೀರು ಕಾದ ಮೇಲೆ ಬಲಗಡೆಯವರು. “ನಮ್ಮ ಜನ ಬಿಸಿನೀರಿಗೆ ಸರದಿ ನಿಲ್ತಾರಾ? ನೋಡೇಬಿಡೋಣ,” ಎಂದು ಬೇಕರಿ ಮಾವ ಮೂಗು ಮುರಿದರು.

ಮೊದಲ ಸಂಜೆಯೇ ನಿಯಮ ಮುರಿದವರು ಯಾರು ಗೊತ್ತೇ? ಬೇಕರಿ ಮಾವ! ಹಿಟ್ಟು ಕಲಸುವ ಯಂತ್ರದ ಸ್ವಿಚ್ ಆರಿಸುವುದನ್ನೇ ಮರೆತಿದ್ದರು. ಕತ್ತಲಲ್ಲಿ ಅದರೊಳಗೆ ಹಿಟ್ಟು ಸುರಿಯುತ್ತ ನಿಂತಾಗ ಕರೆಂಟ್ ಬಂದು ಯಂತ್ರ ಗರ್ರನೆ ತಿರುಗಿತು. ಹೊರಗೆ ಬಂದ ಮಾವನ ಮುಖದಲ್ಲಿ ಕಣ್ಣೆರಡು ಬಿಟ್ಟರೆ ಉಳಿದದ್ದೆಲ್ಲ ಬಿಳುಪು. ಓಣಿ ಹೊಟ್ಟೆ ಹಿಡಿದು ನಕ್ಕಿತು. ಆದರೆ ಟ್ರಾನ್ಸ್‌ಫಾರ್ಮರ್ ಆ ದಿನ ತಡೆದುಕೊಂಡಿತು. ಮರುದಿನವೂ ತಡೆದುಕೊಂಡಿತು. ಮಾವ ಅದನ್ನು ಗಮನಿಸಿದರು, ಬಾಯಿ ಬಿಟ್ಟು ಒಪ್ಪಿಕೊಳ್ಳಲಿಲ್ಲ.

ಸಭೆಯ ದಿನ ಓಣಿಯವರೆಲ್ಲ ಹೊರಟರು. ಅಮ್ಮನ ಜೊತೆ ಯಾರಿರಬೇಕು ಎಂಬ ಪ್ರಶ್ನೆ ಬಂದಾಗ ಬೇಕರಿ ಮಾವ ಗಂಟಲು ಸರಿಮಾಡಿಕೊಂಡರು. “ನಾನಿರ್ತೀನಿ. ಅಲ್ಲಿಗೆ ಬಂದ್ರೆ ನಾನು ಕುರ್ಚಿ ಎತ್ತಿಬಿಡ್ತೀನಿ. ನೀನು ಹೋಗಿ ಮಾತಾಡಮ್ಮ, ನಿನಗೆ ಬುದ್ಧಿ ಇದೆ.”

ಸಭಾಂಗಣದಲ್ಲಿ ದೀಪಗಳು ಝಗಝಗಿಸುತ್ತಿದ್ದವು. ಅವರಿಗೆ ಸ್ವಂತ ಜನರೇಟರ್ ಇತ್ತು. ವೇದಿಕೆಯ ಮೇಲಿನ ಅಧಿಕಾರಿ ಕಾಗದ ನೋಡಿ ಓದಿದರು: “ಈ ಬಾರಿ ಚಳಿಗಾಲದಲ್ಲಿ ವಿದ್ಯುತ್ ಬೇಡಿಕೆ ಅನಿರೀಕ್ಷಿತವಾಗಿ ಹೆಚ್ಚಾಯಿತು.”

ಟೈಲರಕ್ಕ ಎದ್ದು ನಿಂತಳು. ಅವಸರದಲ್ಲಿ ಬಂದಿದ್ದರಿಂದ ಅಳತೆ ಟೇಪು ಇನ್ನೂ ಕುತ್ತಿಗೆಯಲ್ಲೇ ಇತ್ತು.

“ಸಾರ್, ನಾನು ಬಟ್ಟೆ ಹೊಲಿಯೋಳು. ಚಳಿಗಾಲದ ಕೋಟಿನ ಬಟ್ಟೆ ಬೇಸಿಗೇಲೇ ತಂದಿಡ್ತೀನಿ. ಚಳಿ ಪ್ರತಿ ವರ್ಷ ಬರುತ್ತೆ ಸಾರ್, ಅದರಲ್ಲಿ ಅನಿರೀಕ್ಷಿತ ಏನಿದೆ? ರಿಪೇರಿ ಯಾಕೆ ಮುಂದಕ್ಕೆ ಹೋಯ್ತು? ಕಂಬಕ್ಕೆ ತಂತಿ ಯಾಕೆ ಬರಲಿಲ್ಲ?”

“ನಾವು ಕೇಳಿದ್ದೆವಮ್ಮ, ಮೇಲಿನವರು ಮಂಜೂರು ಮಾಡಲಿಲ್ಲ,” ಎಂದರು ಅಧಿಕಾರಿ, ಸ್ವಲ್ಪ ತಗ್ಗಿದ ದನಿಯಲ್ಲಿ.

“ಅದನ್ನೇ ಬರೆದು ಹೊರಗೆ ಹಾಕಿ ಸಾರ್, ಯಾರನ್ನ ಕೇಳ್ಬೇಕು ಅಂತ ನಮಗೂ ಗೊತ್ತಾಗಲಿ. ಎಷ್ಟು ಹೊತ್ತಿಗೆ ಕರೆಂಟ್ ತೆಗೀತೀರಿ ಅಂತ ಹಿಂದಿನ ದಿನವೇ ಹೇಳಿ. ನಮ್ಮಮ್ಮ ಉಸಿರಾಡೋದು ಕರೆಂಟಿನಿಂದ. ಅಂಥ ಮನೆಗಳನ್ನ ಗುರುತು ಮಾಡ್ಕೊಂಡು, ಆ ಓಣಿಗೆ ಮೊದಲು ಲೈನ್‌ಮನ್ ಕಳಿಸಿ.”

“ಪರಿಶೀಲಿಸುತ್ತೇವೆ.”

ಟೈಲರಕ್ಕ ಕೂರಲಿಲ್ಲ. “ಯಾವತ್ತು ಸಾರ್?”

“ಆದಷ್ಟು ಬೇಗ.”

“ಯಾವತ್ತು?”

ಅವಳ ಹಿಂದೆ ಫೋನಕ್ಕ ಎದ್ದು ನಿಂತಳು. ತನ್ನ ಕಚೇರಿಯ ಅಧಿಕಾರಿಯ ಎದುರಿಗೇ! ಆಮೇಲೆ ಓಣಿಯವರು ಎದ್ದರು, ಆಮೇಲೆ ಹೆಸರು ಗೊತ್ತಿಲ್ಲದ ಬೇರೆ ಓಣಿಗಳವರು. ಯಾರೂ ಕೂಗಲಿಲ್ಲ, ಕುರ್ಚಿ ಎತ್ತಲಿಲ್ಲ. ಸುಮ್ಮನೆ ನಿಂತರು. ಅಧಿಕಾರಿ ಪಕ್ಕದವರ ಜೊತೆ ಪಿಸುಗುಟ್ಟಿ ಕೊನೆಗೆ ಒಂದು ತಾರೀಖು ಹೇಳಿದರು. ಅದು ದಾಖಲೆಗೆ ಹೋದದ್ದನ್ನು ನೋಡಿದ ಮೇಲೆಯೇ ಟೈಲರಕ್ಕ ಕುಳಿತಳು.

ಅವರು ಓಣಿಗೆ ಮರಳಿದಾಗ ಕರೆಂಟ್ ಆಗತಾನೇ ಬಂದಿತ್ತು. ಒಂದೊಂದು ಮನೆಯಲ್ಲಿ ಒಂದೊಂದೇ ಬಲ್ಬು. ಓಣಿಯ ನಟ್ಟನಡುವೆ ಲಟ್ಟಣಿಗೆ ಹಿಡಿದು ಬೇಕರಿ ಮಾವ ನಿಂತಿದ್ದರು.

“ಯಾರಾದ್ರೂ ಗೀಸರ್ ಹಾಕಿದ್ರೆ ಬೆರಳು ಮುರೀತೀನಿ! ಒಳಗೆ ಅಜ್ಜಿ ಉಸಿರಾಡ್ತಿದ್ದಾಳೆ!”

ಟೈಲರಕ್ಕ ನಗುತ್ತ, ಕಣ್ಣೊರೆಸಿಕೊಳ್ಳುತ್ತ ಒಳಗೆ ಹೋದಳು. ಮಷೀನು ಗುಂಯ್ ಎನ್ನುತ್ತಿತ್ತು.

“ಏನಂದ್ರು?” ಎಂದಳು ಅಮ್ಮ.

“ದಿನ ಹೇಳಿದ್ದಾರೆ ಅಮ್ಮ. ಆ ದಿನ ಆಗಲಿಲ್ಲ ಅಂದ್ರೆ ಮತ್ತೆ ಹೋಗ್ತೀವಿ.”

“ಹೋಗು,” ಎಂದಳು ಅಮ್ಮ. “ನನ್ನ ಚಿಂತೆ ಬಿಡು. ನನಗೆ ಲಟ್ಟಣಿಗೆ ಕಾವಲಿದೆ.”

ಇದನ್ನು ಓದುತ್ತಿರುವ, ಕೇಳುತ್ತಿರುವ ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ನಿಮ್ಮ ಓಣಿಯಲ್ಲೂ ಕರೆಂಟಿನಿಂದ ಉಸಿರಾಡುವ ಒಬ್ಬರು ಇರಬಹುದು. ಯಾರೆಂದು ಇವತ್ತೇ ಕೇಳಿ ತಿಳಿದುಕೊಳ್ಳಿ. ಆಕ್ಸಿಜನ್ ಇರುವ ಕೋಣೆಗೆ ಬೆಂಕಿ ಒಯ್ಯಬೇಡಿ. ಜನರೇಟರನ್ನೂ ಇದ್ದಿಲ ಒಲೆಯನ್ನೂ ಮನೆಯೊಳಗೆ ಉರಿಸಬೇಡಿ. ಕರೆಂಟ್ ಹೋದಾಗ ದೊಡ್ಡ ಸ್ವಿಚ್ಚುಗಳನ್ನು ಆರಿಸಿಡಿ. ಸಿಟ್ಟು ಬಂದರೆ ಬರಲಿ, ಅದನ್ನು ಕೇಳಿಸುವ ಕಡೆಗೆ ಒಯ್ಯಿರಿ. ಕರೆಂಟ್ ಬಂದ ಕೂಡಲೇ ಸ್ವಿಚ್ಚಿನ ಕಡೆ ಓಡುವ ಕೈಯನ್ನು ಒಂದು ಗಳಿಗೆ ತಡೆಯಿರಿ. ಅಹವಾಲು ಸಭೆಯಲ್ಲಿ ಅದೇ ಕೈಯನ್ನು ಎತ್ತಿ.