ಮಂಡಿಯೂರಿದ ಟ್ರಕ್ಕು

ಒಮುರ್ಜಾಕ್ ಚಳಿಗಾಲವಿಡೀ ಕೊಟ್ಟಿಗೆಯಲ್ಲೇ ಬೀಡುಬಿಟ್ಟು ಮನೆಯ ಹಳೇ ರಷ್ಯನ್ ಟ್ರಕ್ಕನ್ನು ಎತ್ತರಿಸಿದ. ಸ್ಪ್ರಿಂಗ್ ಪಟ್ಟಿಗಳನ್ನು ಬದಲಿಸಿದ, ಯಾವುದೋ ಮಿಲಿಟರಿ ಲಾರಿಯ ದಪ್ಪ ಟೈರುಗಳನ್ನು ತಂದು ಹಾಕಿದ, ಇಂಜಿನ್ನಿಗೆ ಗಾಳಿ ಎಳೆಯುವ ಕೊಳವೆಯನ್ನು ಚಾವಣಿಯ ತನಕ ಏರಿಸಿದ. ಹಿಮ ಕರಗಿ ಟ್ರಕ್ಕು ಅಂಗಳಕ್ಕಿಳಿದ ದಿನ ಅವನ ಹೆಂಡತಿ ಸೈರಾಕುಲ್ ಹೊಸ್ತಿಲಲ್ಲೇ ನಿಂತುಬಿಟ್ಟಳು. ಚಕ್ರವೇ ಅವಳ ಸೊಂಟಕ್ಕೆ ಬರುತ್ತಿತ್ತು.

ಘಟ್ಟದಾಚೆಯ ಬೇಸಗೆ ಹುಲ್ಲುಗಾವಲಿಗೆ ಹೋಗುವ ದಾರಿಯಲ್ಲೊಂದು ಹೊಳೆ. ಹೋದ ವರ್ಷ ಟ್ರಕ್ಕು ಅದರ ನಟ್ಟನಡುವೆ ನೀರು ಕುಡಿದು ನಿಂತಿತ್ತು. ಅದಕ್ಕೇ ಈ ಸಾಹಸ. ಆದರೆ ಘಟ್ಟ ಹತ್ತುವುದು ಬೇಸಗೆಗೊಮ್ಮೆ. ಮಿಕ್ಕ ದಿನಗಳಲ್ಲಿ ಅದನ್ನು ಓಡಿಸುವವಳು ಸೈರಾಕುಲ್. ಬೆಳಿಗ್ಗೆ ಡೈರಿಗೆ ಹಾಲು, ಆಮೇಲೆ ಸಂತೆ, ವಾರಕ್ಕೊಮ್ಮೆ ಅತ್ತೆಯನ್ನು ಮಂಡಿಯ ಸೂಜಿಗೆ ಆಸ್ಪತ್ರೆಗೆ. ಈಗ ಟಾರು ರಸ್ತೆಯಲ್ಲಿ ಅದು ಕುಡಿದವನ ಹಾಗೆ ತೂಗಾಡುತ್ತಿತ್ತು. ಮಾತಾಡಿದರೆ ಪಕ್ಕದವರಿಗೆ ಕೇಳಿಸದಷ್ಟು ಟೈರಿನ ಗದ್ದಲ. ಡೈರಿಯ ಕುಮುಷಾಯ್ ಕ್ಯಾನಿನ ಮುಚ್ಚಳ ತೆಗೆದು, ಕುಲುಕಾಟಕ್ಕೆ ಕಡೆದುಹೋದ ಹಾಲನ್ನು ನೋಡಿದವಳು, "ಸೈರಾಕುಲ್, ಇದು ಡೈರಿ ಕಣೇ. ಬೆಣ್ಣೆ ಮಾರೋಕೆ ಸಂತೆಗೆ ಹೋಗು" ಅಂದಳು. ಸಾಲಿನಲ್ಲಿ ನಿಂತಿದ್ದ ಹೆಂಗಸರೆಲ್ಲ ನಕ್ಕರು. ಸೈರಾಕುಲ್ ಕೂಡ ನಕ್ಕಳು. ಒಳಗೆ ಮಾತ್ರ ಉರಿಯುತ್ತಿತ್ತು.

ಅದನ್ನಾದರೂ ನುಂಗಿಕೊಳ್ಳಬಹುದಿತ್ತು. ನುಂಗಲಾರದ್ದು ಅತ್ತೆಯ ವಿಷಯ. ಊರೆಲ್ಲ ಅಪಾ, ಅಂದರೆ ಅಮ್ಮ, ಎಂದು ಕರೆಯುವ ಬುರ್ಮಾಕಾನಳಿಗೆ ಆ ಎತ್ತರ ಹತ್ತಲಾಗಲಿಲ್ಲ. ಸ್ಟೂಲ್ ಇಟ್ಟರು, ಮಂಡಿ ಮಡಚಲಿಲ್ಲ. ಒಮುರ್ಜಾಕ್ ತಾಯಿಯನ್ನು ಎರಡೂ ಕೈಯಲ್ಲಿ ಎತ್ತಿ ಸೀಟಿನ ಮೇಲಿಡಲು ಬಾಗಿದ. ಮುದುಕಿ ಅವನ ಕೈಯನ್ನು ತಳ್ಳಿ ಒಳಗೆ ನಡೆದಳು. ಹಿರಿಯರು ಕುದುರೆ ಹತ್ತುವಾಗ ಕಿರಿಯರು ಲಗಾಮು ಹಿಡಿಯಬೇಕು, ಕಾಲೂರುವ ರಿಕಾಪು ಹಿಡಿಯಬೇಕು. ಎತ್ತಿ ಕೂರಿಸುವುದು ಮಗುವನ್ನು, ಇಲ್ಲವೇ ಹೆಣವನ್ನು. ಅಂದಿನಿಂದ ಅವಳು ಆಸ್ಪತ್ರೆಗೂ ಹೋಗಲಿಲ್ಲ, ನೆಂಟರ ಮನೆಗೂ ಹೋಗಲಿಲ್ಲ. ಕಿಟಕಿಯ ಹತ್ತಿರ ಕೂತು ಉಣ್ಣೆ ಹಿಂಜುತ್ತಿದ್ದಳು. ಮಾತಿಲ್ಲದ ಆ ಕೈಗಳನ್ನು ನೋಡುವುದು ಸೈರಾಕುಲ್‌ಗೆ ಬೈಗುಳಕ್ಕಿಂತ ಕಷ್ಟವಾಗುತ್ತಿತ್ತು.

ಒಂದು ಸಂಜೆ ಚಹಾ ಸುರಿಯುತ್ತಾ ಅವಳು ಗಂಡನಿಗೆ ಹೇಳಿಯೇಬಿಟ್ಟಳು. "ರೀ, ಅದನ್ನ ಮೊದಲಿನ ಹಾಗೆ ಇಳಿಸಿಬಿಡಿ. ಮನೆಗೊಂದೇ ಗಾಡಿ. ಅದು ಮನೆಯವರಿಗೆ ಬೇಡ್ವಾ?"

ಒಮುರ್ಜಾಕ್ ಬಟ್ಟಲನ್ನು ಕೆಳಗಿಟ್ಟ. "ಇಳಿಸಿದ್ರೆ ಹೊಳೆ ದಾಟಲ್ಲ. ಅಪಾಗೆ ಈ ಸಲ ಹುಲ್ಲುಗಾವಲು ನೋಡ್ಬೇಕಂತೆ. ಕುದುರೆ ಮೇಲೆ ಎರಡು ದಿನ ಕೂರೋಕಾಗತ್ತಾ ಅವಳಿಗೆ? ಮತ್ಯಾರಿಗೆ ಅಂತ ಮಾಡ್ದೆ ನಾನು ಇದನ್ನೆಲ್ಲ?"

 ಇದು ಗಂಡಸಿನ ಆಟ ಅಂದುಕೊಂಡು ಸೈರಾಕುಲ್ ಇಡೀ ಚಳಿಗಾಲ ಮುಖ ಸಿಂಡರಿಸಿದ್ದಳು. ತಾಯಿಗಾಗಿ ಎತ್ತರಿಸಿದ ಗಾಡಿಗೆ ತಾಯಿಯೇ ಹತ್ತಲಾರಳು.

ಒಲೆಯ ಪಕ್ಕದಿಂದ ಬುರ್ಮಾಕಾನ್ ಬಾಯಿಬಿಟ್ಟಳು. "ನಾನು ಮದುವೆಯಾಗಿ ಘಟ್ಟ ದಾಟಿದ್ದು ಒಂಟೆ ಮೇಲೆ. ಇದಕ್ಕಿಂತ ಎತ್ತರ ಇತ್ತು. ಒಂಟೆ ಎತ್ತರ ಅಂತ ಯಾರಾದ್ರೂ ಅದರ ಕಾಲು ಕಡೀತಾರೇನೋ? ಕೂತ್ಕೋ ಅಂದ್ರೆ ಕೂರೋದು. ನಿನ್ನ ಟ್ರಕ್ಕಿಗೆ ಅಷ್ಟೂ ಬುದ್ಧಿ ಇಲ್ಲ."

ಮರುದಿನ ಡೈರಿಯಿಂದ ಬರುವಾಗ ಎದುರಿಗೆ ಕುರಿಮಂದೆ ಸಿಕ್ಕಿತು. ಸೈರಾಕುಲ್ ರಸ್ತೆಯಂಚಿಗೆ ಸರಿದಳು. ಬಲಗಡೆಯ ಚಕ್ರಗಳೆರಡೂ ನೀರು ಹಾಯಿಸುವ ಕಾಲುವೆಗೆ ಜಾರಿದವು. ಟ್ರಕ್ಕು ನಿಧಾನವಾಗಿ ಒಂದು ಕಡೆಗೆ ವಾಲಿ ನಿಂತಿತು. ಬೈದುಕೊಳ್ಳುತ್ತಾ ಇಳಿದು ಸುತ್ತು ಹಾಕಿ ನೋಡಿದಳು. ಅತ್ತೆ ಕೂರುವ ಕಡೆಯ ಬಲಬಾಗಿಲ ಕೆಳಅಂಚು ಕಾಲುವೆಯ ದಡದ ಮಟ್ಟಕ್ಕೇ ಬಂದಿತ್ತು. ಅವಳು ಅಲ್ಲೇ, ನೀರಿನ ಸದ್ದಿನಲ್ಲಿ, ಬಾಯಿ ಮೇಲೆ ಕೈಯಿಟ್ಟು ನಿಂತಳು. ಟ್ರಕ್ಕು ಕೂತಿತ್ತು.

ದಪ್ಪ ಟೈರುಗಳು ಸಲೀಸಾಗಿ ರಸ್ತೆಗೆ ಹತ್ತಿದವು. ಮನೆಯ ಮುಂದೆಯೂ ಅದೇ ಕಾಲುವೆ ಹರಿಯುತ್ತಿತ್ತು. ಅವಳು ಟ್ರಕ್ಕನ್ನು ಬೇಕೆಂದೇ ಅದಕ್ಕಿಳಿಸಿ ಬಾಗಿಲು ತೆಗೆದು ಪಕ್ಕದಲ್ಲಿ ನಿಂತಳು. ಎತ್ತಲು ಹೋಗಲಿಲ್ಲ, ರಿಕಾಪು ಹಿಡಿದವಳಂತೆ ಬಾಗಿಲನ್ನಷ್ಟೇ ಹಿಡಿದಳು. ಬುರ್ಮಾಕಾನ್ ದಡದಿಂದ ಒಂದು ಹೆಜ್ಜೆ ಮುಂದಿಟ್ಟು ಒಳಗೆ ಕೂತಳು. ತಲೆವಸ್ತ್ರ ಸರಿಮಾಡಿಕೊಂಡು, ಆಸ್ಪತ್ರೆಗೆ ತಡವಾಯಿತು, ಹೊರಡು ಎಂದಳು. ಒಮುರ್ಜಾಕ್ ಹೆಂಡತಿಯನ್ನು ಹೊಸಬಳನ್ನು ನೋಡುವಂತೆ ನೋಡಿದ. ಆ ವಾರವೇ ಹಾಲು ಅಷ್ಟು ಕುಲುಕದಿರಲೆಂದು ಹಿಂದಿನ ಸ್ಪ್ರಿಂಗಿನಿಂದ ಒಂದು ಪಟ್ಟಿಯನ್ನು ತೆಗೆದ.

ಬೇಸಗೆ ಬಂತು. ಕುರಿಗಳನ್ನು ಹೊಡೆದುಕೊಂಡು ಒಮುರ್ಜಾಕ್ ಕುದುರೆಯ ಮೇಲೆ ಹುಲ್ಲುಗಾವಲಿಗೆ ಮೊದಲೇ ಹೋಗಿದ್ದ. ಟ್ರಕ್ಕಿನ ಹಿಂಭಾಗದಲ್ಲಿ ಡೇರೆಯ ಗಳಗಳು, ಜಮಖಾನೆಗಳು, ಪಕ್ಕದಲ್ಲಿ ಅತ್ತೆ. ಟ್ರಕ್ಕು ಸೈರಾಕುಲ್ ಕೈಯಲ್ಲಿ. ಘಟ್ಟದ ಬುಡದಲ್ಲಿ ಗಂಡ ಹೇಳಿಕೊಟ್ಟಂತೆ, ಕಲ್ಲಿನ ಮೇಲೆ ಹಿಡಿತ ಸಿಗಲೆಂದು ಟೈರಿನ ಗಾಳಿ ಸ್ವಲ್ಪ ಇಳಿಸಿದಳು. ಹೊಳೆಯ ಮುಂದೆ ಬಂದು ಗಾಡಿ ನಿಲ್ಲಿಸಿ ನೋಡಿದಳು. ಹಿಮ ಕರಗಿದ ನೀರು ಬೂದುಬಣ್ಣಕ್ಕೆ ತಿರುಗಿ ಕಲ್ಲುಗಳನ್ನು ಉರುಳಿಸುತ್ತಿತ್ತು. ಆ ಗುಡುಗು ಎದೆಯೊಳಗೇ ಕೇಳುತ್ತಿತ್ತು. ಗಾಡಿಯನ್ನು ನೀರಿಗಿಳಿಸಿದಳು. ನೀರು ಬಾಗಿಲಿನ ತನಕ ಏರಿತು. ತಾನು ಶಪಿಸಿದ ಆ ಚಕ್ರಗಳು ಕಾಣದ ಕಲ್ಲುಗಳನ್ನು ಒಂದೊಂದಾಗಿ ತಡವಿ ಹಿಡಿಯುವುದು ಸ್ಟಿಯರಿಂಗಿನ ಮೂಲಕ ಅವಳ ಬೆರಳುಗಳಿಗೆ ಗೊತ್ತಾಗುತ್ತಿತ್ತು. ಆಚೆ ದಡ ಹತ್ತಿದಾಗ ಅವಳಿಗೆ ಅಳು ಬಂತು, ಯಾಕೆಂದು ತಿಳಿಯಲಿಲ್ಲ.

ಘಟ್ಟದ ನೆತ್ತಿಯಲ್ಲಿ ಬುರ್ಮಾಕಾನ್ ನಿಲ್ಲಿಸು ಎಂದಳು. ಇಂಜಿನ್ ನಿಂತಿತು. ಆ ಮೌನದಲ್ಲಿ ಇಡೀ ಬಯಲು ಕೆಳಗೆ ತೆರೆದುಕೊಂಡಿತ್ತು. ಹಸಿರು, ಅದರಾಚೆ ಹಿಮದ ಗೋಡೆ, ನಡುವೆ ಬೆಳ್ಳಿಯ ಎಳೆಗಳಂತೆ ತೊರೆಗಳು. ಮೋಡದ ನೆರಳೊಂದು ಹಾಯ್ದು ಮುಗಿಯುವುದರಲ್ಲಿ ಒಂದು ಬಟ್ಟಲು ಚಹಾ ಕುಡಿಯಬಹುದಿತ್ತು. ಬುರ್ಮಾಕಾನ್ ಬೆರಳು ಚಾಚಿ ತೊರೆಗಳ ಹೆಸರು ಹೇಳುತ್ತಾ ಹೋದಳು. ಇಷ್ಟು ಬೇಸಗೆ ಇಲ್ಲಿ ಕಳೆದ ಸೈರಾಕುಲ್‌ಗೆ ಅರ್ಧಕ್ಕರ್ಧ ಹೆಸರುಗಳೇ ಗೊತ್ತಿರಲಿಲ್ಲ.

ಎಲ್ಲಕ್ಕಿಂತ ದೊಡ್ಡ ತೊರೆಯ ಹತ್ತಿರ ಬೆರಳು ನಿಂತಿತು. ಅದಕ್ಕೆ ಬುರ್ಮಾಕಾನಳ ಮಾವನ ಹೆಸರು. ಮನೆಗೆ ಬಂದ ಸೊಸೆ ಗಂಡನ ಕಡೆಯ ಹಿರಿಯರ ಹೆಸರೆತ್ತುವಂತಿಲ್ಲ. ಅತ್ತೆಯೂ ಸೊಸೆಯೂ ಬದುಕಿಡೀ ಅದನ್ನು 'ಆಚೆಯ ನೀರು' ಎಂದೇ ಕರೆದಿದ್ದರು.

"ಎಸೆಂಗುಲ್" ಎಂದಳು ಬುರ್ಮಾಕಾನ್.

ಸೈರಾಕುಲ್ ತಟ್ಟನೆ ಅತ್ತೆಯ ಕಡೆ ತಿರುಗಿದಳು. ಮುದುಕಿಯ ಧ್ವನಿ ನಡುಗಲಿಲ್ಲ. ಗಾಳಿಯಲ್ಲಿ ಹೆಸರು ಎಲ್ಲಿಗೆ ಹೋಯಿತೆಂದು ನೋಡುವವಳಂತೆ ಅವಳು ಸ್ವಲ್ಪ ಹೊತ್ತು ಕಿಟಕಿಯಾಚೆ ನೋಡಿದಳು.

"ಎಷ್ಟು ದಿನ ಬಾಯಲ್ಲಿ ಇಟ್ಕೊಂಡಿದ್ದೆ ಇದನ್ನ. ನೀನೂ ಹೇಳೇ ಮಗಳೇ. ನನ್ನ ವಯಸ್ಸಿನ ತನಕ ಕಾಯಬೇಡ."

ಸೈರಾಕುಲ್ ಬಾಯಿ ತೆರೆದಳು. ಮೊದಲ ಸಲ ಬರೀ ಉಸಿರು ಬಂತು. ಎರಡನೆಯ ಸಲ ಹೆಸರು ಬಂತು, ತನ್ನದೇ ಅನ್ನಿಸದ ಚಿಕ್ಕ ದನಿಯಲ್ಲಿ. ಬುರ್ಮಾಕಾನ್ ತಲೆದೂಗಿ ಕಿಟಕಿಯ ಗಾಜನ್ನು ಇನ್ನಷ್ಟು ಕೆಳಗಿಳಿಸಿದಳು.